ಕಂಬಳಿಯ ಇನ್ನೊಂದು ಮಗ್ಗಲು

ಆ ಬೆಳಿಗ್ಗೆ ಔರಾದಿನ ನಮ್ಮ ಅಂಗಳದಲ್ಲಿ ಅಣ್ಣ ತಾನು ನೇಯ್ದ ಹೊಸ ಕಂಬಳಿಗೆ ಗಂಜಿ ಬಳಿಯುತ್ತಿದ್ದ. ದೀಪಾವಳಿ ಮುಗಿದಿತ್ತು. ಮೋಡವಿಲ್ಲದ ಆಕಾಶ, ಬೆಚ್ಚಗಿನ ಒಣ ಗಾಳಿ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ದಿನಗಳಾಗಿದ್ದವು. ನಾನು ಉರ್ದು ಶಾಲೆಯಲ್ಲಿ ಕಲಿತವನು, ಇನ್ನು ಕನ್ನಡ ಕಲಿಯಬೇಕಿತ್ತು.

"ತಮ್ಮಾ, ಇಷ್ಟು ದಿನ ಅಲಿಫ್ ಬೆ ಅಂದಿ. ಇನ್ನ ಸಣ್ಣ ಹುಡುಗರ ಜೋಡಿ ಕುಂತು ಅ ಆ ಅಂತಿಯೇನು?" ಎಂದ ಅಣ್ಣ.

"ಅಂತೇನಿ. ನೀನೂ ಬಾ."

ಒಲೆಯ ಮುಂದಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, "ಇವರು ಬಂದ್ರ ಮಾಸ್ತರರೇ ಸಾಲಿ ಬಿಟ್ಟು ಓಡ್ತಾರ್ರಿ" ಎಂದು ನಕ್ಕರು.

ಅದೇ ಸಂಜೆ ಕುರಿಹಟ್ಟಿಯಲ್ಲಿ ಅಣ್ಣನಿಗೆ ಹಾವು ಕಚ್ಚಿತು. ಬೀದರಿನ ದವಾಖಾನೆಗೆಂದು ಬಂಡಿ ಹೂಡುವಷ್ಟರಲ್ಲಿ ಜೀವ ಹೋಯಿತು.

ಮುಂದೆ ಹೇಳುವಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ನೀವೂ ನಂಬಬೇಕೆಂದು ಬರೆಯುತ್ತಿಲ್ಲ.

ಹುಣಸೆ ಬೀಜ ಅರೆದು ಕುದಿಸಿದ ಗಂಜಿಯನ್ನು ಕಂಬಳಿಯ ಒಂದು ಮಗ್ಗಲಿಗೆ ಬಳಿದು, ಒಣಗಿದ ಮೇಲೆ ಮಗುಚಿ ಇನ್ನೊಂದಕ್ಕೆ ಬಳಿಯುತ್ತೇವೆ. ಎರಡೂ ಮಗ್ಗಲು ಒಂದೇ ಕೈಯಿಂದ ಆಗಬೇಕೆಂಬುದು ನಮ್ಮ ಮನೆಯ ಕಟ್ಟು. ಅಣ್ಣ ಒಂದನ್ನಷ್ಟೇ ಮುಗಿಸಿದ್ದ. ಸತ್ತವರ ಕಾರ್ಯದ ದಿನ ಕಂಬಳಿ ಹಾಸಿ ಅದರ ಮೇಲೆ ಎಡೆ ಇಡುತ್ತೇವೆ. ವೈನಿಗೆ ಆ ಕಂಬಳಿಯೇ ಬೇಕಿತ್ತು.

"ಅವರ ಕೈಲೆ ಆಗಿದ್ದು ಇದೊಂದೇ ಉಳದದ, ಅತ್ತಿ" ಎಂದರು.

"ಅರ್ಧ ಆಗಿದ್ದು ಹ್ಯಾಂಗ ಹಾಸಲವ್ವ?" ಎಂದಳು ನಮ್ಮವ್ವ. "ಅಂವ ಅರ್ಧಕ್ಕೇ ಹೋದ ಅಂತ ಮಂದಿಗಿ ತೋರಿಸ್ಬೇಕೇನು?"

ವಾರವಿಡೀ ಹವೆ ಹಾಗೆಯೇ ಇತ್ತು. ಮಾಳಿಗೆಯ ಮೇಲಿನ ಮೆಣಸಿನಕಾಯಿ ಮುಟ್ಟಿದರೆ ಮುರಿಯುತ್ತಿತ್ತು. ಸತ್ತ ಮನೆಗೆ ಅಷ್ಟು ಒಳ್ಳೆಯ ಬಿಸಿಲು ಸರಿಯಲ್ಲ ಎನಿಸುತ್ತಿತ್ತು. ಕಂಬಳಿ ಗೂಟಗಳ ನಡುವೆ ಬಿಗಿದಂತೆಯೇ ಇತ್ತು, ಯಾರೂ ಮುಟ್ಟಲಿಲ್ಲ.

ಕಾರ್ಯದ ಹಿಂದಿನ ದಿನ ಮಧ್ಯಾಹ್ನ ಅವ್ವ, ವೈನಿ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದರು. ನಾನು ಪಕ್ಕದ ಬಾವಿಯಿಂದ ಒಂದು ಕೊಡ ನೀರು ತಂದೆ. ಬಂದು ನೋಡಿದರೆ ಕಂಬಳಿ ಮಗುಚಿತ್ತು. ಇನ್ನೊಂದು ಮಗ್ಗಲಿಗೆ ಗಂಜಿ ಬಳಿದಿತ್ತು. ಮುಟ್ಟಿದೆ. ಹಸಿಯಾಗಿತ್ತು, ಬೆಚ್ಚಗಿತ್ತು. ಬಿಸಿಲಿಗೆ ಬೆಚ್ಚಗಾಗಿರಬಹುದು. ಆದರೆ ಒಲೆ ತಣ್ಣಗಿತ್ತು. ಗಂಜಿಯ ಮಡಕೆ ಬೋರಲಾಗಿ ಒಣಗಿತ್ತು. ಅಣ್ಣ ಎಡಗೈಯವ, ಕುಂಚದ ಗೆರೆಗಳು ಅವನು ಎಳೆದಂತೆಯೇ ವಾಲಿದ್ದವು.

ಒದ್ದೆ ಬಟ್ಟೆ ಹೊತ್ತು ಬಂದ ವೈನಿ ಅದನ್ನು ಇಳಿಸಿ ಕಂಬಳಿ ನೋಡಿದರು. "ನೀವೇ ಬಳದ್ರೇನ್ರಿ? ಛಲೋ ಆತು."

"ನಾನಲ್ರಿ ವೈನಿ."

"ಇರ್ಲಿ ಬಿಡ್ರಿ. ಅತ್ತಿಗಿ ಹೇಳಂಗಿಲ್ಲ."

ಹಿಂದೆಯೇ ಬಂದ ಅವ್ವ ಅಂಗೈ ಇಟ್ಟು ನೋಡಿ, "ಒಣಗಲಿ, ಯಾರೂ ಮುಟ್ಟಬ್ಯಾಡ್ರಿ" ಎಂದಳು. ಸಂಜೆಗೆ ಒಣಗಿತು. ಮರುದಿನ ಅದರ ಮೇಲೆಯೇ ಎಡೆ ಇಟ್ಟೆವು.

ನೆರೆಹೊರೆಯವರನ್ನು ಕೇಳಿದೆ. ಯಾರೂ ಬಂದಿರಲಿಲ್ಲ. ಆ ಕೆಲಸ ಬಲ್ಲ ಇನ್ನೊಬ್ಬನೆಂದರೆ ಡಾಬಕಾ ಊರಿನ ನೇಕಾರ. ಅಂದು ಅವನು ಭಾಲ್ಕಿಯ ಸಂತೆಯಲ್ಲಿದ್ದ. ನಾನೇ ಬಳಿದೆನೆಂದು ವೈನಿ ಕೊನೆಯವರೆಗೂ ನಂಬಿದ್ದರು. ವೈನಿಯೇ ಏನಾದರೂ ಮಾಡಿದರೇ ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಹಳ್ಳದಲ್ಲಿ ಅವ್ವನ ಜೊತೆಗಿದ್ದರು. ಇದಕ್ಕಿಂತ ಹೆಚ್ಚು ನನಗೆ ತಿಳಿಯದು.

ನಾನು ನೇಯಲು ಕಲಿಯಲಿಲ್ಲ. ಪಡಸಾಲೆಯಲ್ಲಿ ಅಣ್ಣ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿಯಲ್ಲಿ ಕೂಡುವವರು ಈಗ ಯಾರೂ ಇಲ್ಲ.