ಮೂರು ಚಪ್ಪಾಳೆಯ ಇಂಗ್ಲಿಷ್

ಮೇಷ್ಟರ ತರಬೇತಿಯಲ್ಲಿ ಚಪ್ಪಾಳೆಗೂ ಬಗೆಗಳಿವೆ: ಮಳೆ ಚಪ್ಪಾಳೆ, ರೈಲು ಚಪ್ಪಾಳೆ, ಶಬ್ದವಿಲ್ಲದ ಚಪ್ಪಾಳೆ. ನಲವತ್ತು ದಾಟಿದ ನಾವೆಲ್ಲ ಕೆ.ಆರ್. ಪೇಟೆಯಲ್ಲಿ ಅವನ್ನು ಹೊಡೆದೇ ಟೀ ಕುಡಿದಿದ್ದೇವೆ. ಒಂದು ಸಲ ನಾಗಮಂಗಲದಿಂದ ಬಂದ ಸಂಪನ್ಮೂಲ ವ್ಯಕ್ತಿ, ಅಂದರೆ ನಮಗಿಂತ ಒಂದು ವಾರ ಮೊದಲು ತರಬೇತಿ ಮುಗಿಸಿದ್ದ ಇನ್ನೊಬ್ಬ ಮೇಷ್ಟರು, ಇಂಗ್ಲಿಷಿನ ಜೋಡಿ ಗುಣವಾಚಕಗಳನ್ನು ಬಿಡಿಸಿಟ್ಟರು. ಉಚ್ಚಾರಾಂಶಕ್ಕೊಂದು ಚಪ್ಪಾಳೆ, ಒತ್ತು ಬೀಳುವಲ್ಲಿ ಕಾಲು ಅಪ್ಪಳಿಸಬೇಕು. ಹಾರ್ಡ್-ವರ್-ಕಿಂಗ್: ಮೂರು ಚಪ್ಪಾಳೆ, ‘ವರ್’ ಎಂಬಲ್ಲಿ ಕಾಲು. ಅದೇ ಪದ ನಾಮಪದದ ಮುಂದೆ ನಿಂತರೆ ಒತ್ತು ಹಿಂದಕ್ಕೆ ಸರಿಯುತ್ತದಂತೆ. ಅದನ್ನು ಊಟವಾದ ಮೇಲೆ ಹೇಳಿದ್ದರಿಂದ ಯಾರ ಕಿವಿಗೂ ಬೀಳಲಿಲ್ಲ.

ನನಗಂತೂ ಇದು ಬೇಕಾಗಿತ್ತು. ಮಾಕವಳ್ಳಿ ಕಡೆಯ ನನ್ನ ಶಾಲೆಯಲ್ಲಿ ಮಕ್ಕಳ ಇಂಗ್ಲಿಷ್ ಉಚ್ಚಾರಣೆ ಸರಿಯಿಲ್ಲವೆಂದು ಹಿಂದಿನ ವರ್ಷ ತಪಾಸಣೆಗೆ ಬಂದ ಶಿಕ್ಷಣಾಧಿಕಾರಿ ಸಾಹೇಬರು ನನಗೆ ನೋಟಿಸ್ ಕೊಟ್ಟಿದ್ದರು. ಇನ್ನೊಂದು ಬಂದರೆ ಸೇವಾ ಪುಸ್ತಕಕ್ಕೇ ಮಸಿ. ಒಂದು ತಿಂಗಳು ನನ್ನ ಎಂಟನೇ ತರಗತಿ ಹೊಡೆದ ಚಪ್ಪಾಳೆಗೆ ಪಕ್ಕದ ಕೋಣೆಯ ಗಣಿತದ ಮೇಷ್ಟರು, “ಭಜನೆ ಮುಗೀತಾ?” ಎಂದು ಬಾಗಿಲಲ್ಲಿ ಇಣುಕುತ್ತಿದ್ದರು.

ಸಾಹೇಬರು ಮತ್ತೆ ಬಂದರು. ಮಕ್ಕಳು ಹೊಡೆದರು ನೋಡಿ, ಬೆಂಚುಗಳು ಅದುರಿದವು. ಒಂದು ಒತ್ತೂ ತಪ್ಪಲಿಲ್ಲ. ಸಾಹೇಬರ ಮುಖ ಅರಳಿತು. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, “ನಿಮ್ಮನೇಲಿ ಯಾರಮ್ಮ ಹಾರ್ಡ್-ವರ್ಕಿಂಗು?” ಎಂದರು.

ಅವಳು ಮೂರು ಚಪ್ಪಾಳೆ ಹೊಡೆದು, ಕಾಲು ಅಪ್ಪಳಿಸಿ ನಿಂತಳು.

“ಅರ್ಥ ಗೊತ್ತಿಲ್ವಾ?”

“ಅದ್ನ ಯೋಳ್ಕೊಟ್ಟಿಲ್ಲ ಸಾ.”

ಇಡೀ ತಿಂಗಳಲ್ಲಿ ಅದೊಂದು ನನಗೆ ಹೊಳೆದೇ ಇರಲಿಲ್ಲ. ಕೊನೆಗೆ ಸಾಹೇಬರೇ ಹೇಳಿದರು: “ಮೈಮುರಿದು ದುಡಿಯೋರು ಅಂತ.”

“ಅಂಗಾರೆ ನಮ್ಮವ್ವ ಸಾ. ಒತ್ತಾರೆ ಕಬ್ಬು ಕಡಿಯಾಕೋದ್ರೆ ಕತ್ಲಾದ್ಮೇಲೇ ಬರಾದು.” ಆಮೇಲೆ ಅವಳೇ ಕೇಳಿದಳು: “ಅವ್ವಂಗೂ ಚಪ್ಪಾಳೆ ಒಡೀಬೇಕಾ ಸಾ?”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಷರಾ ಬರೆದರು: ಉಚ್ಚಾರಣೆ ಅತ್ಯುತ್ತಮ. ಮುಂದಿನ ತರಬೇತಿಗೆ ನಾನೇ ಸಂಪನ್ಮೂಲ ವ್ಯಕ್ತಿ ಎಂದೂ ಅಪ್ಪಣೆಯಾಯಿತು. ಮುಖ್ಯೋಪಾಧ್ಯಾಯರು ಸಾಹೇಬರ ಗೌರವಾರ್ಥ ಎಲ್ಲರಿಂದ ಮಳೆ ಚಪ್ಪಾಳೆ ಹೊಡೆಸಿದರು. ನನಗೆ ನಾಚಿಕೆಯಾಗಿತ್ತು, ಆದರೂ ಹೊಡೆದೆ. ಆ ಹುಡುಗಿ ಇನ್ನೂ ನಿಂತೇ ಇದ್ದಳು. ಅವಳಿಗೆ ಕೂರು ಎಂದು ಯಾರೂ ಹೇಳಿರಲಿಲ್ಲ, ಅವಳ ಪ್ರಶ್ನೆಗೆ ಉತ್ತರವನ್ನೂ ಹೇಳಿರಲಿಲ್ಲ.