ಊಟದ ಮೇಜಿನ ಮೊಸಳೆ

ಬಿಯಾವಿಸ್ತೋಕ್ ಎಂಬ ಪೋಲಿಷ್ ಊರಿನ ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಬೊಗುಮಿಲಾಗೆ ಹಠ ಹುಟ್ಟಿನಿಂದಲೇ ಬಂದದ್ದು. ಗಂಡ ಅರ್ಪಾದ್ ಹಂಗೇರಿಯವನು. ಅವನ ಭಾಷೆ ಇವಳಿಗೆ ಬಾರದು. ಇವಳ ಪೋಲಿಷ್ ಅವನಿಗೆ ಅಂಗಡಿಗೆ ಬೇಕಾದಷ್ಟೇ ಬರುತ್ತಿತ್ತು. ಇಬ್ಬರೂ ಎಸ್ಪೆರಾಂತೊ ಶಿಬಿರದಲ್ಲಿ ಸಿಕ್ಕವರು, ಎಸ್ಪೆರಾಂತೊದಲ್ಲೇ ಪ್ರೀತಿಸಿ ಮದುವೆಯಾದವರು. ಅದು ಆಗಿನ್ನೂ ನೂರು ವರ್ಷ ತುಂಬದ ಭಾಷೆ, ಇದೇ ಊರಲ್ಲಿ ಹುಟ್ಟಿದ ಕಣ್ಣಿನ ವೈದ್ಯರೊಬ್ಬರು ಕೂತು ಕಟ್ಟಿದ್ದು. ಕಟ್ಟಿದ ಮನೆಯಲ್ಲಿ ಜನ ಬದುಕಬಹುದಂತೆ, ಕಟ್ಟಿದ ಭಾಷೆಯಲ್ಲಿ ಬದುಕಬಾರದಂತೆ. ಯಾವ ಸೀಮೆಯ ನ್ಯಾಯವೋ ಕಾಣೆ.

ಅಕ್ಕ ಇರೇನಾ ಬಂದಾಗಲೆಲ್ಲ ಇದನ್ನೇ ಎತ್ತಿ ಕುಟುಕುತ್ತಿದ್ದಳು. ಬೊಗುಮಿಲಾ ಬಸುರಿಯಾಗಿ, ಹುಟ್ಟುವ ಮಗುವಿನ ಜೊತೆ ಎಸ್ಪೆರಾಂತೊದಲ್ಲೇ ಮಾತಾಡುತ್ತೇವೆ ಅಂದ ಮೇಲಂತೂ ಕೇಳುವುದೇ ಬೇಡ.

"ಮಗು ಮೇಲೆ ಸಿಟ್ಟು ಬಂದ್ರೆ ಏನೇ ಮಾಡ್ತೀಯ? ನಿಘಂಟು ತೆಗೀತೀಯಾ?"

ಮಾತು ನಾಟಿತು, ಏಕೆಂದರೆ ಅದು ನಿಜವಾಗಿತ್ತು. ಬೊಗುಮಿಲಾಳ ಸಿಟ್ಟು ಪೋಲಿಷ್‌ನಲ್ಲೇ ಏಳುತ್ತಿತ್ತು. ಎಸ್ಪೆರಾಂತೊಗೆ ತಿರುಗಿಸಿ ಹೇಳುವಷ್ಟರಲ್ಲಿ ಆರಿಹೋಗುತ್ತಿತ್ತು. ತಾನೇ ಅನುವಾದ ಮಾಡಿಕೊಂಡು ಆಡುವ ಭಾಷೆಯನ್ನು ಮಗುವಿಗೆ ಹೇಗೆ ಕೊಡಲಿ ಎಂಬ ಹೆದರಿಕೆ ಅವಳನ್ನು ಕೊರೆಯುತ್ತಿತ್ತು. ಹಾಗಂತ ಸೋಲೊಪ್ಪುವ ಹೆಣ್ಣಲ್ಲ. ನಮ್ಮ ಎಸ್ಪೆರಾಂತೊ ಮಂದಿಯಲ್ಲಿ ಒಂದು ರೂಢಿ ಇದೆ: ನಮ್ಮವರ ನಡುವೆ ಕೂತು ಯಾರಾದರೂ ತಾಯ್ನುಡಿಗೆ ಜಾರಿದರೆ ಅವರನ್ನು ಮೊಸಳೆ ಎಂದು ಹಂಗಿಸುತ್ತೇವೆ. ಅವಳು ಮರದ ಮೊಸಳೆಯೊಂದನ್ನೇ ತಂದಿಟ್ಟಳು. ಜಾರಿದವರ ತಟ್ಟೆಯ ಪಕ್ಕಕ್ಕೆ ಅದು ಹೋಗಬೇಕು. ಜಗಳದ ದಿನಗಳಲ್ಲಿ ಅದು ಅವಳ ತಟ್ಟೆ ಬಿಟ್ಟು ಕದಲುತ್ತಿರಲಿಲ್ಲ.

ಒಂದು ಭಾನುವಾರ ಇರೇನಾ ಊಟಕ್ಕೆ ಬಂದಳು. ಬೊಗುಮಿಲಾ ಅಮ್ಮನ ಕೈ ಹದದಲ್ಲೇ ಬೀಟ್‌ರೂಟ್ ಸಾರು ಮಾಡಿದ್ದಳು. ಮೊದಲ ಚಮಚಕ್ಕೇ ಅವಳ ನಾಲಿಗೆ ಚುರ್ರೆಂದಿತು. ಇವಳು ಆಚೆ ಹೋಗಿದ್ದಾಗ ಅರ್ಪಾದ್ ತನ್ನ ಊರಿನ ಕೆಂಪು ಮೆಣಸಿನಪುಡಿ ಸುರಿದಿದ್ದ.

"ಮತ್ತೆ ಹಾಕಿದ್ಯಾ? ನನ್ನ ಸಾರಿಗೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ಸಪ್ಪೆ ಇತ್ತು ಕಣೇ."

"ಸಪ್ಪೆ ಇರೋದು ನಿನ್ನ ನಾಲಿಗೆ."

ಅಲ್ಲಿಂದ ಅವನಮ್ಮ ಕಳಿಸುವ ಪುಡಿಯ ಡಬ್ಬಿ, ಅವನ ಒರೆಸದ ಬೂಟು, ಕಿಟಕಿ ತೆರೆದಿಟ್ಟು ಮಲಗುವ ಚಾಳಿ, ಎಲ್ಲವೂ ಒಂದರ ಬೆನ್ನಿಗೊಂದು ಬಂದವು. ಅರ್ಪಾದ್ ಮೊದಮೊದಲು ಸರಿಸಮಕ್ಕೆ ಉತ್ತರ ಕೊಟ್ಟ. ಕೊನೆಗೆ ಮಾತು ಸಾಲದೆ ಹಂಗೇರಿಯನ್‌ನಲ್ಲಿ ಏನೋ ಗೊಣಗಿದ. ಬೊಗುಮಿಲಾ ಮೊಸಳೆಯನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿ ಕುಕ್ಕಿದಳು.

ಇರೇನಾ ಚಮಚ ಹಿಡಿದೇ ಕೂತಿದ್ದಳು. ಆ ಇಡೀ ಜಗಳದಲ್ಲಿ ಒಂದಕ್ಷರವೂ ಅವಳಿಗೆ ತಿಳಿದಿರಲಿಲ್ಲ.

"ಏನಂದೆ ಅವನಿಗೆ? ಪೋಲಿಷ್‌ನಲ್ಲಿ ಹೇಳು," ಎಂದಳು.

ಹೇಳಲು ಬಾಯಿ ತೆರೆದ ಬೊಗುಮಿಲಾ ತಡವರಿಸಿದಳು. ಹುಟ್ಟಿನಿಂದ ಆಡಿದ ಭಾಷೆಯಲ್ಲಿ ಪದಗಳನ್ನು ಹುಡುಕಬೇಕಾಯಿತು. ಸಿಕ್ಕವಕ್ಕೆ ಖಾರವೇ ಇರಲಿಲ್ಲ. ಇಷ್ಟು ಹೊತ್ತು ಎಸ್ಪೆರಾಂತೊದಲ್ಲಿ ಜಗಳವಾಡುವಾಗ ತಾನು ಏನನ್ನೂ ಅನುವಾದಿಸಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದೇ ಆಗ. ಖುಷಿಗೆ ಎದೆ ಉಬ್ಬಿತು.

"ಪೋಲಿಷ್‌ನಲ್ಲಿ ಅದು ಬರಲ್ಲ ಅಕ್ಕ," ಎಂದಳು. "ಮಗೂನ ಬೈಯೋಕೆ ಭಾಷೆ ಇದೆ. ನೀನು ಚಿಂತೆ ಮಾಡ್ಬೇಡ, ಸಾರು ಕುಡಿ."