ಬಾಗಿಲು ಬಿಟ್ಟ ರಂಗೋಲಿ

"ಮುಂದಕ್ಕೆ ಹೋಗಲ್ಲ ಕಣಮ್ಮ. ಗಾಡಿ ತಿರುಗಿಸಕ್ಕೆ ಇರೋದು ಅದೊಂದೇ ಜಾಗ, ಅಲ್ಲೂ ರಂಗೋಲಿ ಹಾಕವ್ರೆ" ಅಂತ ಆಟೋದವನು ಕೃಷ್ಣಮೂರ್ತಿಪುರಂನ ನಮ್ಮ ಹಳೇ ಬೀದಿಯ ತಿರುವಿನಲ್ಲೇ ನನ್ನನ್ನು ಇಳಿಸಿಬಿಟ್ಟ. ನನ್ನ ಮಂಡಿ ನೋವು ಹೇಳಿಕೊಂಡೆ. "ಲಕ್ಷ್ಮಿ ಇದ್ದಂಗೆ ಅದು, ಚಕ್ರ ಹತ್ತಿಸಕ್ಕಾಯ್ತದಾ?" ಅಂದ. ನಾನು ವಾದಕ್ಕೆ ಹೋಗದೆ ದುಡ್ಡು ಕೊಟ್ಟೆ. ಏಕೆಂದರೆ, ನಗಬೇಡಿ, ಆ ಜಾಗದಲ್ಲಿ ರಂಗೋಲಿ ಹಾಕೋದು ಶುರು ಮಾಡಿದವಳೇ ನಾನು. ಕೊರಳಲ್ಲಿ ಶಿಲುಬೆ ಹಾಕಿಕೊಂಡು ಭಾನುವಾರ ತಪ್ಪದೆ ಚರ್ಚಿಗೆ ಹೋಗೋ ನಾನು!

ನಮ್ಮ ಮಗಳು ಸ್ಟೆಲ್ಲಾಗೆ ಹುಟ್ಟಿನಿಂದ ಕಾಲಲ್ಲಿ ಬಲವಿರಲಿಲ್ಲ. ಬಾಯಿ ಮಾತ್ರ ಜೋರು. ಅದು ತಾಯಿ ಕಡೆಯ ಆಸ್ತಿ ಅಂತ ನಮ್ಮ ಯಜಮಾನರು ಹೇಳೋರು. ಚಿಕ್ಕವಳಿದ್ದಾಗ ಕಂಕುಳಲ್ಲಿ ಎತ್ತಿಕೊಂಡು ಊರೆಲ್ಲ ಸುತ್ತಿಸಿದೆ. ಆದರೆ ಕಾಲಿಗೆ ಬಲ ಬರಲಿಲ್ಲ ಅಂತ ವಯಸ್ಸು ನಿಲ್ಲುತ್ತದೆಯೇ? ಅವಳು ಬೆಳೆದಳು, ನನ್ನ ಸೊಂಟ ಬಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಜಮಾನರು ಒಂದು ಹಳೇ ವ್ಯಾನು ತಂದರು. ಪಕ್ಕದ ಬಾಗಿಲು ಸರಿಸಿ ಅವಳನ್ನು ಎತ್ತಿ ಕೂರಿಸಿದರೆ ಆಯಿತು, ಭಾನುವಾರ ಪೂಜೆಗೆ, ವಾರದ ನಡುವೆ ಆಸ್ಪತ್ರೆಗೆ. ಚರ್ಚಿನಲ್ಲಿ ಹಾಡುವವರ ಪಕ್ಕವೇ ಕೂತು ಅವಳೂ ಹಾಡುತ್ತಿದ್ದಳು. ಶ್ರುತಿಗೂ ಅವಳಿಗೂ ದೂರ, ಆದರೆ ಆ ಮುಖ ನೋಡಬೇಕಿತ್ತು ನೀವು.

ತೊಂದರೆ ಇದ್ದದ್ದು ವಾಪಸ್ಸು ಬಂದಾಗ. ನಮ್ಮದು ಕಾಂಪೌಂಡಿಲ್ಲದ ಮನೆ; ಬಾಗಿಲು, ಮೆಟ್ಟಿಲು, ಚರಂಡಿ, ರಸ್ತೆ, ಅಷ್ಟೇ. ಬೀದಿಯ ತಿರುವಿನಲ್ಲೊಂದು ಛತ್ರ. ಲಗ್ನದ ದಿನ ಬಂತೆಂದರೆ ನೆಂಟರಿಷ್ಟರ ಕಾರುಗಳೆಲ್ಲ ನಮ್ಮ ಬಾಗಿಲಿಗೇ. ಅಂಥದೊಂದು ಭಾನುವಾರ ಯಜಮಾನರು ವ್ಯಾನನ್ನು ತಿರುವಿನಲ್ಲೇ ನಿಲ್ಲಿಸಿ ಅವಳನ್ನು ಎತ್ತಿಕೊಂಡು ಬಂದರು. ಹದಿನಾರರ ಹುಡುಗಿ. ಲಂಗ ಮೇಲಕ್ಕೆ ಸರಿಯುತ್ತಿತ್ತು, ನಾನು ಪಕ್ಕದಲ್ಲಿ ಎಳೆದೆಳೆದು ಸರಿಮಾಡುತ್ತಿದ್ದೆ. ಊಟ ಮುಗಿಸಿ ಎಲೆಯಡಿಕೆ ಹಾಕುತ್ತ ನಿಂತಿದ್ದವರೆಲ್ಲ ದಾರಿ ಬಿಟ್ಟು ನೋಡಿದರು. "ಅಯ್ಯೋ ಪಾಪ, ಏನಾಯ್ತಂತೆ?" ಅಂದಳೊಬ್ಬಳು. ಏನೂ ಆಗಿಲ್ಲ ಕಣ್ರೀ, ನಿಮ್ಮ ಕಾರು ನಮ್ಮ ಬಾಗಿಲಲ್ಲಿದೆ, ಅಷ್ಟೇ! ಹೀಗೆ ಅನ್ನಬೇಕು ಅಂತ ಹೊಳೆದದ್ದು ಸಂಜೆ. ಸ್ಟೆಲ್ಲಾ ಅಪ್ಪನ ಹೆಗಲಲ್ಲಿ ಮುಖ ಹುದುಗಿಸಿಕೊಂಡಿದ್ದಳು.

ಮುಂದಿನ ಭಾನುವಾರ ಹೊರಡಿಸಲು ಹೋದರೆ, "ನೀವು ಹೋಗ್ಬನ್ನಿ ಅಮ್ಮ, ನಾನು ಬರಲ್ಲ" ಅಂದಳು. ಅದರ ಮುಂದಿನ ಭಾನುವಾರವೂ ಅದೇ ಮಾತು. ಆಸ್ಪತ್ರೆಗೂ ಬರಲ್ಲ. ಜೋರು ಬಾಯಿಯ ಹುಡುಗಿ ಸುಮ್ಮನಾದರೆ ಮನೆ ಹೇಗಿರುತ್ತೆ ಗೊತ್ತೇ?

ಬಾಗಿಲ ಮುಂದೆ ನಮ್ಮ ಗಾಡಿಗೆ ಮಾತ್ರ ಅಂತ ಒಂದು ಬೋರ್ಡು ಹಾಕಿಸಿಕೊಡಿ ಎಂದು ಆಫೀಸು ಆಫೀಸು ಅಲೆದೆವು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಕೊನೆಗೆ ಸಿಕ್ಕ ಸಾಹೇಬರು, "ರಸ್ತೆ ಯಾರಪ್ಪನ ಮನೇದೂ ಅಲ್ಲ ಕಣಮ್ಮ" ಅಂದರು. ಸುಣ್ಣ ಬಳಿದ ಎರಡು ಕಲ್ಲು ತಂದಿಟ್ಟೆ. ಯಾರೋ ಚರಂಡಿಗೆ ಉರುಳಿಸಿದರು. ನಾನು ಬೀದಿಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಕಿವಿಗೊಟ್ಟವರು ಎದುರು ಮನೆಯ ಗೌರಮ್ಮ ಒಬ್ಬರೇ.

ಗೌರಮ್ಮನವರು ಎದ್ದ ಕೂಡಲೇ ಹಣೆ ತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿಯೇ ಕಾಫಿ ಮುಟ್ಟುವವರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, "ಯಾಕ್ರೀ ಗಂಟಲು ಹರ್ಕೋತೀರಾ? ಕಲ್ಲಾದ್ರೆ ಎತ್ತಿ ಎಸೀತಾರೆ. ರಂಗೋಲಿ ಹಾಕಿ, ಯಾವನು ತುಳೀತಾನೋ ನೋಡೇಬುಡಣ" ಅಂದರು.

"ಮನೆ ಮುಂದೆ ನಾವು ರಂಗೋಲಿ ಹಾಕೋರಲ್ಲವಲ್ಲ ಗೌರಮ್ಮನೋರೇ" ಅಂದೆ.

"ನಿಮ್ಮ ದೇವರೇನು ಬೇಜಾರು ಮಾಡ್ಕೊಳಲ್ಲ ಬುಡಿ. ಮಗೀಗೋಸ್ಕರ ತಾನೆ?"

ಹೊಸಲಿನ ಮುಂದಲ್ಲ, ಚರಂಡಿ ದಾಟಿ, ರಸ್ತೆಯ ಅಂಚಿನಲ್ಲಿ, ಒಂದು ಗಾಡಿ ನಿಲ್ಲುವಷ್ಟು ಅಗಲ ನೀರು ಚಿಮುಕಿಸಿ ಹಾಕಬೇಕಾಗಿತ್ತು. ಮೊದಮೊದಲು ನನ್ನ ಎಳೆಗಳು ಹಾವು ಹರಿದ ಹಾಗೆ ಬರೋವು. ಕಿಟಕಿಯಿಂದ ನೋಡುತ್ತಿದ್ದ ಸ್ಟೆಲ್ಲಾಗೆ ಎಷ್ಟೋ ದಿನದ ಮೇಲೆ ನಗು ಬಂತು. "ಅಮ್ಮ, ಅದೇನು ಕಮಲಾನಾ, ಎಲೆಕೋಸಾ?" ಅಂದಳು. ಆದರೆ ಕೇಳಿ, ಒಬ್ಬನೂ ತುಳಿಯಲಿಲ್ಲ! ಲಗ್ನಕ್ಕೆ ಬಂದ ದೊಡ್ಡ ದೊಡ್ಡ ಕಾರುಗಳು ರಂಗೋಲಿ ಕಂಡು ಹಿಂದೆ ಸರಿದು ಹೋದವು. ಒಬ್ಬ ತಾಯಿಯ ಮಾತಿಗೆ ಇಲ್ಲದ ಬೆಲೆ ಒಂದು ಹಿಡಿ ಪುಡಿಗೆ ಇತ್ತು. ಸಂತೋಷವೂ ಆಯಿತು, ಸಿಟ್ಟೂ ಬಂತು.

ಸ್ಟೆಲ್ಲಾ ಮತ್ತೆ ಹೊರಟಳು. ವ್ಯಾನು ವಾಪಸ್ಸು ಬರುವಾಗ, "ಅಪ್ಪ, ಮೆಲ್ಲಗೆ, ಹೂವಿನ ಮೇಲೆ ಹತ್ತಿಸಬೇಡಿ" ಅಂತ ಪ್ರತಿಸಲ ಹೇಳುವಳು. ಅದಕ್ಕೇ ನಾನು ಎರಡು ಚಕ್ರಗಳ ನಡುವೆ ಬರುವ ಹಾಗೆ ಹೂವು ಬಿಡಿಸೋದು ಕಲಿತೆ. ಅವು ನಮಗೆ ಒಳ್ಳೇ ವರ್ಷಗಳು. ಹೆಚ್ಚಿರಲಿಲ್ಲ. ಒಂದು ಮಳೆಗಾಲ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಹೋದವಳು ಉಸಿರಾಡುತ್ತ ಮನೆಗೆ ಬರಲಿಲ್ಲ. ಸಾವಿನ ಮನೆ ಮುಂದೆ ರಂಗೋಲಿ ಇರುವುದಿಲ್ಲವಲ್ಲ. ಬರಿಯ ಟಾರು ರಸ್ತೆ. ಆದರೂ ಅವತ್ತು ಆ ಜಾಗದಲ್ಲಿ ಯಾರೂ ಗಾಡಿ ನಿಲ್ಲಿಸಿರಲಿಲ್ಲ. ಅವಳನ್ನು ತಂದ ಗಾಡಿ ನೇರ ಬಾಗಿಲಿಗೇ ಬಂತು. ಆಮೇಲೆ ಆ ಮನೆಯಲ್ಲಿರಲಾರದೆ ಊರಂಚಿನ ಬೋಗಾದಿಗೆ ಹೋದೆವು, ವ್ಯಾನು ಮಾರಿದೆವು.

ಇವತ್ತು ಹೋದದ್ದು ಹಾಸಿಗೆ ಹಿಡಿದಿರುವ ಗೌರಮ್ಮನವರನ್ನು ನೋಡಿಕೊಂಡು ಬರೋಣ ಅಂತ. ಕುಂಟುತ್ತ ನಡೆದೆ. ಅವತ್ತು ಯಜಮಾನರು ಸ್ಟೆಲ್ಲಾಳನ್ನು ಎತ್ತಿಕೊಂಡು ನಡೆದ ಅದೇ ದೂರ. ಸಾಲುಸಾಲು ಕಾರುಗಳ ನಡುವೆ ನಮ್ಮ ಹಳೇ ಮನೆಯ ಮುಂದೆ ಒಂದು ಗಾಡಿಯಷ್ಟು ಜಾಗ ಖಾಲಿ, ನಡುವೆ ಹೂವು. ಈಗ ಅಲ್ಲಿರುವ ಹುಡುಗಿ, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ರಂಗೋಲಿ ಪುಡಿಯ ಚಿಪ್ಪು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಹೊಸಲು ಬಿಟ್ಟು ಅಷ್ಟು ಮುಂದೆ ಯಾಕಮ್ಮ ಹಾಕ್ತೀಯಾ?" ಅಂದೆ.

"ಈ ಮನೆ ಪದ್ಧತಿ ಅಂತೆ ಕಣ್ರೀ. ಎದುರು ಮನೆ ಅಜ್ಜಿ ಹೇಳ್ಕೊಟ್ರು. ಅಲ್ಲಿ ಹಾಕಿದ್ರೆ ಮನೆ ಮಕ್ಕಳಿಗೆ ಒಳ್ಳೇದಂತೆ."

ಯಾವುದೋ ಸೈಕಲ್ಲು ಒಂದು ಎಸಳು ಅಳಿಸಿತ್ತು. ಅವಳ ಚಿಪ್ಪಿನಿಂದ ಚಿಟಿಕೆ ಪುಡಿ ಇಸಕೊಂಡು, ಮಂಡಿ ಹಿಡಿದು ಬಗ್ಗಿ ತಿದ್ದಿದೆ. ಅವಳು ನನ್ನ ಶಿಲುಬೆ ನೋಡಿ, "ನಿಮಗೂ ಬರುತ್ತಾ?" ಅಂದಳು.

"ಬರುತ್ತಮ್ಮ" ಅಂದೆ. "ಮಗಳು ಬರೋ ಹೊತ್ತಿಗೆ ಹಾಕಿಡ್ತಿದ್ದೆ."